35 ಡಾಲರ್ ಏರ್ ಪಿಸ್ತೂಲಿಗೆ 193 ಡಾಲರ್ ಖರ್ಚು: ರಿಪೇರಿಯ ಪೂರ್ತಿ ಲೆಕ್ಕ

ಪಿಸ್ತೂಲು: ಕ್ರಾಸ್‌ಮನ್ 1377, 4.5 ಮಿ.ಮೀ. ಪೆಲೆಟ್ (ಸೀಸದ ಪುಟ್ಟ ಗುಂಡು), ಕೈಯಿಂದ ಪಂಪ್ ಹೊಡೆಯುವಂಥದ್ದು.
ಕೊಂಡದ್ದು: ಒಹಾಯೋದ ಒಂದು ಹಳೆ ಸಾಮಾನಿನ ಸಂತೆಯಲ್ಲಿ, 35 ಡಾಲರ್‌ಗೆ.
ಸ್ಥಿತಿ: ಗಾಳಿ ನಿಲ್ಲುವುದಿಲ್ಲ, ಟ್ರಿಗರ್ ಕಲ್ಲಿನ ಹಾಗೆ ಗಟ್ಟಿ.
ಕೆಲಸ: ಮನೆಯ ಬೇಸ್‌ಮೆಂಟ್‌ನಲ್ಲಿ 10 ಮೀಟರ್ ದೂರದ ಕಾಗದದ ಗುರಿಗೆ ಹೊಡೆಯುವಷ್ಟು ಸರಿ ಮಾಡುವುದು.

ಅಗ್ಗದ ಪಿಸ್ತೂಲು ಕೊಂಡು, ಬಿಡಿ ಭಾಗ ಬದಲಿಸುತ್ತಾ ಒಳ್ಳೆಯದು ಮಾಡಿಕೊಳ್ಳುವುದು ಲಾಭವೋ ನಷ್ಟವೋ? ಇದರ ಬಗ್ಗೆ ವಾದ ಮಾಡುವವರು ಜಾಸ್ತಿ, ಒಂದೊಂದು ಬದಲಾವಣೆಯ ಮೊದಲು ಮತ್ತು ನಂತರ ಅಳತೆ ಹಿಡಿದು ನೋಡುವವರು ಕಡಿಮೆ. ನಾನು ಅಳೆದು ಬರೆದಿಟ್ಟೆ. ಅದೇ ಇಲ್ಲಿದೆ.

ಮೊದಲು ಒಂದು ಮಾತು. ಇಲ್ಲಿನ ಕನ್ನಡದ ಗೆಳೆಯರಲ್ಲಿ ಯಾರಿಗೆ ಇದನ್ನು ತೋರಿಸಿದರೂ "ನಿಜವಾದ ಪಿಸ್ತೂಲೇ ತಗೋಬಹುದಿತ್ತಲ್ಲ, ಅಮೆರಿಕದಲ್ಲಿ ತರಕಾರಿ ಹಾಗೆ ಸಿಗುತ್ತಲ್ವಾ?" ಎಂದು ಕೇಳುತ್ತಾರೆ. ಎಚ್-1ಬಿ ವೀಸಾದಲ್ಲಿರುವವರು ಇದನ್ನು ಗಮನವಿಟ್ಟು ಓದಿ. ವಲಸೆಯೇತರ ವೀಸಾದಲ್ಲಿ ಬಂದವರು ಮದ್ದಿನ ಬಂದೂಕು ಕೊಳ್ಳುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಲ್ಲಿ ನಿಷೇಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೆ ವೀಸಾ ನಂಬಿ ಮನೆಯ ಸಾಲ ಮಾಡಿಕೊಂಡವನು ಆ ಸಂದಿಯಲ್ಲಿ ನುಸುಳದಿರುವುದೇ ಕ್ಷೇಮ. ಗಾಳಿಯ ಪಿಸ್ತೂಲಿಗೆ ಈ ನಿಯಮ ತಾಗುವುದಿಲ್ಲ. ಸ್ಫೋಟಕದ ಬಲದಿಂದ ಗುಂಡು ಹಾರಿಸಿದರೆ ಮಾತ್ರ ಅದು ಫೆಡರಲ್ ಕಾನೂನಿನ ಲೆಕ್ಕದಲ್ಲಿ ಬಂದೂಕು. ರಾಜ್ಯಗಳ ಕಾನೂನು ಮತ್ತೆ ಬೇರೆ. ನ್ಯೂಜೆರ್ಸಿಯಲ್ಲಿ ಏರ್‌ಗನ್ ಕೂಡ ಬಂದೂಕೇ.

ಊರಿನಲ್ಲಿ ಕೂತು ಓದುತ್ತಿರುವವರಿಗೆ: ಭಾರತದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಒಳಗಿನ, 20 ಜೌಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಈ ಪಿಸ್ತೂಲು ಪೂರ್ತಿ ಪಂಪ್ ಹೊಡೆದರೂ 7.6 ಜೌಲ್ ಆಸುಪಾಸು. ಹಾಗಂತ ಇಲ್ಲಿಂದ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ, ವಿಮಾನ ಮತ್ತು ಕಸ್ಟಮ್ಸ್ ಕಥೆ ಬೇರೆಯೇ.

ನಾನು ಕೊಡಗಿನ ಸೋಮವಾರಪೇಟೆ ಕಡೆಯವನು. ಕೈಲ್ ಮುಹೂರ್ತ (ಆಯುಧಗಳನ್ನು ಪೂಜಿಸುವ ಹಬ್ಬ) ಬಂತೆಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿಕೊಂಡೇ ದೊಡ್ಡವನಾದೆ. ಒಹಾಯೋದ ಚಳಿಗಾಲದಲ್ಲಿ ಬೇಸ್‌ಮೆಂಟ್‌ನ ಮೂಲೆಯಿಂದ ಮೂಲೆಗೆ ಅಳೆದರೆ 10 ಮೀಟರ್ ಸಿಕ್ಕಿತು. ಅದೇ ಸಾಕಾಯಿತು.

1377 ಯಾಕೆ ಎಂದರೆ, ಈ ಮಾದರಿ 1977ರಿಂದ ಇದೆ. ಇದರ ಹಲವು ಭಾಗಗಳು ಅದೇ ಕಂಪನಿಯ 1322 ಮತ್ತು 2240 ಪಿಸ್ತೂಲುಗಳಿಗೂ ಕೂರುತ್ತವೆ. ಹಾಗಾಗಿ ಬಿಡಿ ಭಾಗಕ್ಕೆ ಬರವಿಲ್ಲ. ಒಂದು ಎಚ್ಚರಿಕೆ: ತೀರಾ ಹಳೆಯ 1377ರ ಬ್ರೀಚ್ (ಬ್ಯಾರಲ್ ಹಿಂದಿನ, ಪೆಲೆಟ್ ಹಾಕುವ ಭಾಗ) ಬೇರೆ ರೀತಿಯದು, ಈಗಿನ ಭಾಗಗಳು ಅದಕ್ಕೆ ಹೊಂದುವುದಿಲ್ಲ. ಸಂತೆಯಲ್ಲಿ ಕೊಳ್ಳುವ ಮೊದಲು ಬೋಲ್ಟ್ (ಪೆಲೆಟ್ ಹಾಕಲು ಎಳೆಯುವ ಕಡ್ಡಿ) ಹಿಂದಕ್ಕೆ ಎಳೆದಾಗ ಸ್ಟ್ರೈಕರ್ (ವಾಲ್ವ್‌ಗೆ ಬಡಿದು ಗಾಳಿ ಬಿಡಿಸುವ ತುಂಡು) ಕೂಡ ಎಳೆದುಕೊಂಡು ಬಂದು ಕಚ್ಚಿಕೊಳ್ಳುತ್ತದೆಯೇ ಎಂದು ನೋಡಿ. ಹಾಗೆ ಕಚ್ಚಿಕೊಂಡರೆ ಹೊಸ ಬಗೆ.

ಹಂತ 1: ಗಾಳಿ ಎಲ್ಲಿ ಹೋಗುತ್ತಿದೆ?

ಪಿಸ್ತೂಲನ್ನು ಬಿಚ್ಚುವ ಮೊದಲೇ ಸೋರುವ ಜಾಗ ಗೊತ್ತುಮಾಡಿಕೊಳ್ಳಬಹುದು. ಪೆಲೆಟ್ ಹಾಕಬೇಡಿ. ಪಿಸ್ತೂಲಿನ ಬಾಯಿಯನ್ನು ಪೆಲೆಟ್ ಹಿಡಿಯುವ ಪೆಟ್ಟಿಗೆಯ ಕಡೆ ತಿರುಗಿಸಿ ಐದು ಪಂಪ್ ಹೊಡೆಯಿರಿ. ಆಮೇಲೆ ಎರಡು ವಿಷಯ ಗಮನಿಸಿ. ಪಂಪಿನ ಹಿಡಿ ತಾನಾಗಿ ಕೆಳಕ್ಕೆ ತೆರೆದುಕೊಳ್ಳುತ್ತಿದ್ದರೆ ಗಾಳಿ ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತಿದೆ, ಅಂದರೆ ಒಳ ಬರುವ ಕಡೆಯ ವಾಲ್ವ್ ಕೆಟ್ಟಿದೆ. ಹಿಡಿ ಅಲುಗದೆ, ಬ್ಯಾರಲ್‌ ಬಾಯಿಗೆ ಬ್ರಷ್‌ನಿಂದ ಸವರಿದ ಸೋಪಿನ ನೀರು ಗುಳ್ಳೆ ಎದ್ದರೆ ಹೊರಗೆ ಬಿಡುವ ಕಡೆಯ ವಾಲ್ವ್ ಸರಿಯಿಲ್ಲ. ನನ್ನದರಲ್ಲಿ ಹಿಡಿ ನಿಧಾನವಾಗಿ ತೆರೆದುಕೊಂಡಿತು. ಗುಳ್ಳೆ ಬರಲಿಲ್ಲ.

ಕಳಚುವ ಕ್ರಮ: ಪಿಸ್ತೂಲಿನ ಹಿಡಿಯ ಚೌಕಟ್ಟಿನ ಎರಡು ಸ್ಕ್ರೂ, ಆಮೇಲೆ ಬ್ರೀಚ್, ಆಮೇಲೆ ಮುಂದಿನ ಪಂಪ್ ಪಿನ್. ಪಿನ್‌ ಹೊರಡಿಸಲು ಪಂಚ್ ಬೇಕು. ಮೊಳೆ ಇಟ್ಟು ಹೊಡೆದರೆ ಪಿನ್ನಿನ ತುದಿ ಅಗಲವಾಗಿ ಮತ್ತೆ ಒಳಗೆ ಹೋಗುವುದಿಲ್ಲ. ಎಲ್ಲ ಸ್ಕ್ರೂಗಳೂ ಇಂಚಿನ ಲೆಕ್ಕದವು, ಮಿ.ಮೀ. ಆಲನ್ ಕೀ ಹಾಕಿ ತಿರುಗಿಸಿದರೆ ತಲೆ ಸವೆಯುತ್ತದೆ. ಬ್ರೀಚ್ ಎತ್ತುವಾಗ ಸ್ಟ್ರೈಕರ್ ಮೇಲಿನ ಪುಟ್ಟ ಪಿನ್ ಜಾರಿ ಬೀಳುತ್ತದೆ. ಸೇಫ್ಟಿಯ ಒಳಗೆ ಒಂದು ಸ್ಪ್ರಿಂಗ್, ಅದರ ತುದಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು ಇದೆ. ಅದು ಬೀಳುವುದಿಲ್ಲ, ಹಾರುತ್ತದೆ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಿಚ್ಚಿ.

ವಾಲ್ವ್ ಎರಡು ತುಂಡಿನದು, ತಿರುಪಿನ ಹಾಗೆ ತಿರುಗಿಸಿ ಸೇರಿಸಿದ್ದು. ಅದನ್ನು ತೆರೆಯಲು ಎರಡು ಅಂಚಿನಲ್ಲಿ ಗೀರು ಇದೆ, ನಡುವೆ ತೂತು. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದೆ, ಜಾರಿ ಹಿತ್ತಾಳೆಯ ಮೇಲೆ ಗೆರೆ ಬಿತ್ತು. ಪುಣ್ಯಕ್ಕೆ ಸೀಲ್ ಕೂರುವ ಜಾಗದಲ್ಲಿ ಅಲ್ಲ. ಆಮೇಲೆ ಮರಕ್ಕೆ ತೂತು ಹೊಡೆಯುವ ಹಳೆಯ ಚಪ್ಪಟೆ ಬಿಟ್ ಒಂದನ್ನು ಅರದಿಂದ ಉಜ್ಜಿ, ನಡುವಿನ ಮೊನೆ ತೆಗೆದು, ಗೀರುಗಳಿಗೆ ಸರಿಯಾಗಿ ಕೂರುವ ಹಾಗೆ ಮಾಡಿಕೊಂಡೆ. ತುಕ್ಕು ಬಿಡಿಸುವ ಎಣ್ಣೆ ಒಂದು ರಾತ್ರಿ ಕುಡಿಸಿ, ವೈಸ್‌ನಲ್ಲಿ ಬಿಟ್ ಕಚ್ಚಿಸಿ, ಕೊಳವೆಯನ್ನೇ ತಿರುಗಿಸಿದೆ. ಬಿಟ್ಟಿತು.

ಒಳಗೆ ಕಪ್ಪು ಅಂಟು. ಹಿಂದಿನ ಮಾಲೀಕರು ಬೀಗಕ್ಕೆ ಹೊಡೆಯುವ ಸ್ಪ್ರೇಯನ್ನೇ ಇದಕ್ಕೂ ಹೊಡೆದಿರಬೇಕು. ಸೀಲ್ ಉಬ್ಬಿ ಮೆತ್ತಗಾಗಿತ್ತು. ಪಂಪಿನ ತುದಿಯ ಕಪ್ ಅಂಚು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಸೀಲ್ ಕಿಟ್ 17 ಡಾಲರ್. ಸಿಲಿಕಾನ್ ಎಣ್ಣೆ ಮತ್ತು ಮಾಲಿಬ್ಡಿನಂ ಗ್ರೀಸ್ ಸೇರಿ 13. ಗ್ರೀಸ್ ಲೋಹಕ್ಕೆ ಲೋಹ ಉಜ್ಜುವಲ್ಲಿ ಮಾತ್ರ, ರಬ್ಬರ್ ಇರುವಲ್ಲಿ ಸಿಲಿಕಾನ್.

ಮೊದಲ ಸಲ ಜೋಡಿಸಿದಾಗಲೂ ಸೋರಿತು. ಹೊಸ ಸೀಲ್ ಸರಿಯಾಗಿಯೇ ಇತ್ತು, ಅದು ಕೂರುವ ಅಂಚಿನಲ್ಲಿ ಹಳೆಯ ಅಂಟಿನ ಒಂದು ಚೂರು ಉಳಿದಿತ್ತು. ಬಿದಿರು ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸಿದ ಮೇಲೆ ನಿಂತಿತು. ಮೂರು ಪಂಪ್ ಹೊಡೆದು ತಕ್ಷಣ ಹಾರಿಸಿದಾಗ ಸೆಕೆಂಡಿಗೆ 372 ಅಡಿ ವೇಗ, ಮೂರು ಪಂಪ್ ಹೊಡೆದು ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಹಾರಿಸಿದಾಗ 368. ಇಷ್ಟು ಸಾಕು. (ಇದು ಪರೀಕ್ಷೆಗೆ ಮಾತ್ರ. ಗಾಳಿ ತುಂಬಿದ ಪಿಸ್ತೂಲನ್ನು ಬೀಗವಿಲ್ಲದ ಕಡೆ ರಾತ್ರಿ ಬಿಡಬೇಡಿ.)

7.9 ಗ್ರೇನ್ (ಸುಮಾರು ಅರ್ಧ ಗ್ರಾಂ) ತೂಕದ ಪೆಲೆಟ್ ಹಾಕಿ ಅಳೆದ ವೇಗ: 3 ಪಂಪ್‌ಗೆ 370 ಅಡಿ, 5ಕ್ಕೆ 455, 8ಕ್ಕೆ 535, 10ಕ್ಕೆ 565. ಎಂಟರಿಂದ ಹತ್ತಕ್ಕೆ ಹೋಗಲು ಕೈ ಸೋಲುತ್ತದೆ, ಸಿಗುವುದು ಬರೀ 30 ಅಡಿ. ಹತ್ತರ ಮೇಲೆ ಹೋಗಲೇಬಾರದು, ಕಂಪನಿ ಹೇಳುವ ಮಿತಿಯೂ ಅದೇ. ಕಾಗದದ ಗುರಿಗೆ ಮೂರು ಪಂಪ್ ಧಾರಾಳ.

ಹಂತ 2: ಪೆಲೆಟ್

ಇನ್ನು ಮುಂದಿನ ಅಳತೆ ಎಲ್ಲವೂ ಒಂದೇ ರೀತಿ: 10 ಮೀಟರ್, 3 ಪಂಪ್, ಪಿಸ್ತೂಲು ಮೇಜಿನ ಮೇಲೆ ಬಾಸ್ಮತಿ ಅಕ್ಕಿಯ ಚೀಲಕ್ಕೆ ಒರಗಿಸಿ, ಐದು ಪೆಲೆಟ್. ಅತಿ ದೂರದ ಎರಡು ತೂತುಗಳ ನಡುವಿಂದ ನಡುವಿಗೆ ಅಳತೆ. ಐದು ತೂತು ಸೇರಿ ಒಂದು ಗುಂಪು, ಚಿಕ್ಕದಾದಷ್ಟೂ ಒಳ್ಳೆಯದು. ಒಂದೇ ಗುಂಪು ನಂಬಬಾರದು, ಹಲವು ಗುಂಪು ಹೊಡೆದು ಸರಾಸರಿ ತೆಗೆಯಬೇಕು.

ಸಂತೆಯಲ್ಲಿ ಪಿಸ್ತೂಲಿನ ಜೊತೆಗೇ ಬಂದ ಹಳೆಯ ಡಬ್ಬಿಯ ಪೆಲೆಟ್: 31 ಮಿ.ಮೀ. ನಾಲ್ಕು ಬಗೆಯ ಹೊಸ ಡಬ್ಬಿ ತಂದೆ, 48 ಡಾಲರ್. ಮೊನೆ ಚೂಪಾಗಿರುವುದು ಎಲ್ಲಕ್ಕಿಂತ ಕೆಟ್ಟದು. ಚಪ್ಪಟೆ ಮೂತಿಯ ವಾಡ್‌ಕಟರ್ ಒಂದು ಚೆನ್ನಾಗಿ ಬಂತು, 21 ಮಿ.ಮೀ. ಚಪ್ಪಟೆ ಮೂತಿಯದು ಕಾಗದದಲ್ಲಿ ದುಂಡಗೆ, ಕತ್ತರಿಸಿದ ಹಾಗೆ ತೂತು ಮಾಡುತ್ತದೆ, ಅಂಕ ಎಣಿಸಲು ಸುಲಭ. ಸ್ಪರ್ಧೆಗಳಲ್ಲಿ ಅದನ್ನೇ ಬಳಸುವುದು ಅದಕ್ಕೇ.

ಒಂದು ಸ್ಕ್ರೂ ಕೂಡ ಮುಟ್ಟದೆ 10 ಮಿ.ಮೀ. ಕಡಿಮೆಯಾಯಿತು.

ಹಂತ 3: ಬ್ಯಾರಲ್‌ನ ಬಾಯಿ

ಭೂತಗನ್ನಡಿ ಹಿಡಿದು ನೋಡಿದರೆ ಬಾಯಿಯ ಒಳ ಅಂಚಿನಲ್ಲಿ ಒಂದು ಕಡೆ ಸಣ್ಣ ಗಾಯ. ಕ್ಲೀನ್ ಮಾಡುವ ಕಬ್ಬಿಣದ ಕಡ್ಡಿಯನ್ನು ಯಾರೋ ಮುಂದಿನಿಂದ ತುರುಕಿದ್ದಾರೆ. ಪೆಲೆಟ್ ಹೊರಬೀಳುವ ಕ್ಷಣದಲ್ಲಿ ಅದರ ಹಿಂದಿನ ಗಾಳಿ ಸುತ್ತಲೂ ಸಮನಾಗಿ ಬಿಡಬೇಕು. ಒಂದು ಕಡೆ ಗಾಯವಿದ್ದರೆ ಆ ಕಡೆಯಿಂದ ಮೊದಲು ನುಗ್ಗಿ ಪೆಲೆಟ್‌ನ ಬಾಲ ತಳ್ಳುತ್ತದೆ.

ಇದಕ್ಕೆ ಲೇತ್ ಬೇಡ. ಗುಂಡು ತಲೆಯ ಹಿತ್ತಾಳೆ ಸ್ಕ್ರೂ ಒಂದನ್ನು ಕೈ ಡ್ರಿಲ್‌ಗೆ ಸಿಕ್ಕಿಸಿ. ತಲೆಗೆ ಎಂಜಿನ್ ವಾಲ್ವ್ ಉಜ್ಜುವ ಪೇಸ್ಟ್ ಸವರಿ. ಬ್ಯಾರಲ್ ಒಳಗೆ ಎರಡು ಇಂಚು ಆಳಕ್ಕೆ ಹತ್ತಿ ತುರುಕಿ, ಪುಡಿ ಒಳಗೆ ಹೋಗಬಾರದು. ಸ್ಕ್ರೂ ತಲೆಯನ್ನು ಬಾಯಿಗೆ ಇಟ್ಟು ಡ್ರಿಲ್ ನಿಧಾನವಾಗಿ ತಿರುಗಿಸುತ್ತಾ, ಡ್ರಿಲ್‌ನ ಹಿಂಭಾಗವನ್ನು ವೃತ್ತಾಕಾರದಲ್ಲಿ ಆಡಿಸುತ್ತಿರಬೇಕು. ಆಡಿಸದಿದ್ದರೆ ಅಂಚು ಒಂದೇ ಕಡೆ ಸವೆಯುತ್ತದೆ. ಅರ್ಧ ನಿಮಿಷ ಉಜ್ಜುವುದು, ಒರೆಸಿ ನೋಡುವುದು. ಸುತ್ತಲೂ ಸಮ ಅಗಲದ ಹೊಳೆಯುವ ಉಂಗುರ ಕಂಡಾಗ ನಿಲ್ಲಿಸಿದೆ. ಹತ್ತಿಯನ್ನು ಮುಂದಿನಿಂದಲೇ ಎಳೆದು ತೆಗೆಯಿರಿ, ಹಿಂದಕ್ಕೆ ತಳ್ಳಬೇಡಿ.

ಪೇಸ್ಟ್ 7 ಡಾಲರ್. ಗುಂಪು 21ರಿಂದ 14 ಮಿ.ಮೀ.ಗೆ ಇಳಿಯಿತು.

ಈ 14 ಎಂಬ ಸಂಖ್ಯೆಯ ಬೆಲೆ ನನಗೆ ಆಗ ಹೊಳೆಯಲಿಲ್ಲ. ಲೆಕ್ಕ ಹಾಕಿ ನೋಡಿ. ಅಂತರರಾಷ್ಟ್ರೀಯ 10 ಮೀಟರ್ ಪಿಸ್ತೂಲು ಗುರಿಯಲ್ಲಿ ಹತ್ತು ಅಂಕದ ವೃತ್ತ 11.5 ಮಿ.ಮೀ. ಅಗಲ. ಪೆಲೆಟ್ 4.5 ಮಿ.ಮೀ. ವೃತ್ತದ ಗೆರೆಗೆ ಪೆಲೆಟ್ ತಾಗಿದರೂ ಅಂಕ ಸಿಗುತ್ತದೆ. ಅಂದರೆ ತೂತಿನ ನಡು ಗುರಿಯ ನಡುವಿನಿಂದ 8 ಮಿ.ಮೀ. ಒಳಗೆ ಇದ್ದರೆ ಹತ್ತು. 14 ಮಿ.ಮೀ. ಗುಂಪು ನಡುವಿನಲ್ಲಿ ಬಿದ್ದರೆ ಐದೂ ಹತ್ತೇ! ಪೆಲೆಟ್ ಬಿಟ್ಟರೆ ಒಟ್ಟು 72 ಡಾಲರ್‌ಗೆ ಪಿಸ್ತೂಲು ತನ್ನ ಕೆಲಸ ಮುಗಿಸಿತ್ತು. ಕೈಯಲ್ಲಿ ಹಿಡಿದು ನಿಂತು ಹೊಡೆದರೆ ನನಗೆ 100ಕ್ಕೆ 70 ಬರುತ್ತಿತ್ತು. ಉಳಿದ 30 ಅಂಕ ತಿನ್ನುತ್ತಿದ್ದುದು ಬ್ಯಾರಲ್ ಅಲ್ಲ, ನಾನು. ಇದನ್ನು ಆಗಲೇ ಕಾಗದದ ಮೇಲೆ ಬರೆದು ನೋಡಿದ್ದರೆ ಮುಂದಿನ ಎರಡು ಹಂತದ ದುಡ್ಡು ಮುಕ್ಕಾಲು ಉಳಿಯುತ್ತಿತ್ತು.

ಹಂತ 4: ಉಕ್ಕಿನ ಬ್ರೀಚ್ ಮತ್ತು ಹಿಂದಿನ ಸೈಟ್ (ಗುರಿ ಹಿಡಿಯುವ ಭಾಗ)

1377ಕ್ಕೆ ಬರುವ ಬ್ರೀಚ್ ಪ್ಲಾಸ್ಟಿಕ್. ಉಕ್ಕಿನ ಬ್ರೀಚ್ ಹಾಕುವುದು ಈ ಪಿಸ್ತೂಲಿನವರೆಲ್ಲ ಮಾಡುವ ಮೊದಲ ಕೆಲಸ, ಹಾಗಾಗಿ ನಾನೂ ತರಿಸಿದೆ. 45 ಡಾಲರ್. ಮೇಲ್ಭಾಗದಲ್ಲಿ 11 ಮಿ.ಮೀ. ಡವ್‌ಟೇಲ್ ಹಳಿ ಇರುತ್ತದೆ, ಬೇಕಾದ ಸೈಟ್ ಅಥವಾ ಸ್ಕೋಪ್ ಕೂರಿಸಬಹುದು.

ಜೋಡಿಸುವಾಗ ಗಮನಿಸಬೇಕಾದ್ದು ಒಂದೇ: ಬ್ಯಾರಲ್‌ನ ತಳದ ತೂತು ವಾಲ್ವ್‌ನ ತೂತಿಗೆ ಸರಿಯಾಗಿ ನೇರ ನಿಲ್ಲಬೇಕು. ನಡುವೆ ಒಂದು ಪುಟ್ಟ ಕೊಳವೆಯಂಥ ಸೀಲ್ ಇರುತ್ತದೆ. ಬ್ಯಾರಲ್ ತುಸು ತಿರುಗಿದರೂ ಗಾಳಿಯ ದಾರಿ ಅರ್ಧ ಮುಚ್ಚುತ್ತದೆ. ಜೋಡಿಸಿ ಮೊದಲು ಅಳೆದಾಗ ಮೂರು ಪಂಪ್‌ಗೆ 310 ಅಡಿ ಬಂತು, 60 ಅಡಿ ಕಡಿಮೆ. ಬಿಚ್ಚಿ ನೋಡಿದರೆ ಇದೇ ಕಥೆ. ಡ್ರಿಲ್ ಬಿಟ್‌ನ ಬಾಲವನ್ನು ಬ್ರೀಚ್‌ನ ತೂತಿನಿಂದ ಬ್ಯಾರಲ್‌ ತೂತಿಗೆ ತೂರಿಸಿ, ಅದು ಸಲೀಸಾಗಿ ಹೋಗುವವರೆಗೆ ಬ್ಯಾರಲ್ ತಿರುಗಿಸಿ, ಆಮೇಲೆ ಸ್ಕ್ರೂ ಬಿಗಿ ಮಾಡಿ. 370ಕ್ಕೆ ವಾಪಸ್ಸು ಬಂತು.

ಗುಂಪು: 13 ಮಿ.ಮೀ. ಒಂದು ಮಿ.ಮೀ. ವ್ಯತ್ಯಾಸ ನನ್ನ ಅಳತೆಯ ತಪ್ಪಿನೊಳಗೇ ಮುಚ್ಚಿಹೋಗುವಷ್ಟು.

ಹಳಿಗೆ ಹಾಕಲು ತಿರುಗಿಸಿ ಹೊಂದಿಸುವ ಹಿಂದಿನ ಸೈಟ್ ಬೇಕಾಯಿತು, 36 ಡಾಲರ್. ಇಲ್ಲಿ ಇನ್ನೊಂದು ತೊಡಕು. ಹೊಸ ಸೈಟ್ ಹಳೆಯದಕ್ಕಿಂತ ಎತ್ತರ. ಪೂರ್ತಿ ಕೆಳಕ್ಕಿಳಿಸಿದರೂ ಪೆಲೆಟ್ 60 ಮಿ.ಮೀ. ಮೇಲೆ ಬೀಳುತ್ತಿತ್ತು. ಹಿಂದಿನದು ಎತ್ತರವಾದರೆ ಮುಂದಿನದನ್ನೂ ಎತ್ತರ ಮಾಡಬೇಕು. ಎಷ್ಟು? ಎರಡು ಸೈಟ್‌ಗಳ ನಡುವಿನ ದೂರ ನನ್ನದರಲ್ಲಿ 270 ಮಿ.ಮೀ. 60ನ್ನು 270ರಿಂದ ಗುಣಿಸಿ 10,000ದಿಂದ ಭಾಗಿಸಿದರೆ 1.6 ಮಿ.ಮೀ. ಹಿತ್ತಾಳೆ ತಗಡಿನ ಚೂರನ್ನು ಮುಂದಿನ ಸೈಟ್‌ನ ಹಿಂಬದಿಗೆ ಎಪಾಕ್ಸಿಯಿಂದ ಅಂಟಿಸಿ, 2 ಮಿ.ಮೀ. ಮೇಲೆ ಚಾಚಿಕೊಂಡಿರುವಂತೆ ಬಿಟ್ಟು, ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಇಳಿಸಿದೆ. ಜಾಸ್ತಿ ಬಿಟ್ಟರೆ ಉಜ್ಜಬಹುದು, ಕಡಿಮೆಯಾದರೆ ಮತ್ತೆ ಮೊದಲಿಂದ. ತಗಡಿಗೆ ಮೇಣದಬತ್ತಿಯ ಹೊಗೆ ಹಿಡಿಸಿದರೆ ಮಿರುಗು ಹೋಗಿ ಅಂಚು ಕಪ್ಪಗೆ, ಚೂಪಾಗಿ ಕಾಣುತ್ತದೆ. ಕೈ ತಾಗಿದರೆ ಅಳಿಸುತ್ತದೆ, ಆಗಾಗ ಹಿಡಿಸುತ್ತಿರಬೇಕು.

ಸೈಟ್ ದುಡ್ಡು ದಂಡವಾಗಲಿಲ್ಲ. ಹಳೆಯದರಲ್ಲಿ ಎಡಕ್ಕೆ ಬಲಕ್ಕೆ ಹೊಂದಿಸುವುದು ಎಂದರೆ ಸ್ಕ್ರೂ ಸಡಿಲಿಸಿ ಬೆರಳಿನಿಂದ ತಳ್ಳಿ ದೇವರ ಮೇಲೆ ಭಾರ ಹಾಕುವುದು. ಇದರಲ್ಲಿ ಟಿಕ್ ಟಿಕ್ ಎಂದು ಎಣಿಸಿ ತಿರುಗಿಸಬಹುದು. ಬ್ರೀಚ್ ಇಲ್ಲದೆ ಈ ಸೈಟ್ ಕೂರುವುದಿಲ್ಲ, ಹಾಗಾಗಿ ಎರಡನ್ನೂ ಸೇರಿಸಿ 81 ಡಾಲರ್ ಎಂದೇ ಓದಿಕೊಳ್ಳಿ.

ಹಂತ 5: ಉದ್ದನೆಯ ಬ್ಯಾರಲ್

14.6 ಇಂಚು, 38 ಡಾಲರ್. ಮೂರು ಪಂಪ್‌ಗೆ ವೇಗ ಸುಮಾರು 35 ಅಡಿ ಜಾಸ್ತಿಯಾಯಿತು. ಗುಂಪು 13 ಮಿ.ಮೀ., ಹಾಗೇ ಇತ್ತು. ಮೂತಿ ಭಾರ. ಮುಂದಿನ ಸೈಟ್ ಅದಕ್ಕೆ ಹೊಂದುವುದಿಲ್ಲ. ಬಿಚ್ಚಿ ಹಳೆಯದನ್ನೇ ಹಾಕಿದೆ. ಬ್ಯಾರಲ್ ಈಗ ಗ್ಯಾರೇಜಿನ ಕಪಾಟಿನಲ್ಲಿದೆ, ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆ.

ಹಂತ 6: ಟ್ರಿಗರ್

ಇದನ್ನು ಎರಡನೇ ಹಂತದಲ್ಲೇ ಮಾಡಬೇಕಿತ್ತು.

ಮೊದಲು ಭಾರ ಅಳೆಯಬೇಕು. ವಿಮಾನಕ್ಕೆ ಹೋಗುವ ಮುನ್ನ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಸಾಕು, 11 ಡಾಲರ್. ಕೊಕ್ಕೆಯನ್ನು ಟ್ರಿಗರ್‌ಗೆ ಹಾಕಿ ನೇರ ಹಿಂದಕ್ಕೆ ನಿಧಾನವಾಗಿ ಎಳೆದಾಗ, ಬಿಡುವ ಕ್ಷಣದಲ್ಲಿ 2.2 ಕೆ.ಜಿ. ತೋರಿಸಿತು. ಪಿಸ್ತೂಲೇ ಒಂದು ಕೆ.ಜಿ. ಇಲ್ಲ. ತನ್ನ ತೂಕದ ಎರಡು ಪಟ್ಟು ಬಲ ಹಾಕಿ ಎಳೆಯುವಾಗ ಅದು ಅಲುಗದೆ ನಿಲ್ಲಬೇಕೆಂದರೆ ಹೇಗೆ? ಸ್ಪರ್ಧೆಯ 10 ಮೀಟರ್ ಪಿಸ್ತೂಲಿಗೆ ನಿಯಮದ ಕನಿಷ್ಠ ಮಿತಿಯೇ 500 ಗ್ರಾಂ.

ಸೇಫ್ಟಿ ಬಿಟ್ಟರೆ ಹಿಡಿಯ ಚೌಕಟ್ಟಿನೊಳಗೆ ಮುಖ್ಯವಾದವು ಮೂರೇ: ಟ್ರಿಗರ್, ಸಿಯರ್ (ಸ್ಟ್ರೈಕರ್ ಹಿಡಿದಿಟ್ಟು, ಟ್ರಿಗರ್ ಎಳೆದಾಗ ಬಿಡುವ ತುಂಡು), ಒಂದು ಸ್ಪ್ರಿಂಗ್. ಸ್ಟ್ರೈಕರ್ ಸಿಯರ್‌ನ ಮೂತಿಗೆ ಕಚ್ಚಿಕೊಂಡಿರುತ್ತದೆ. ಆ ಎರಡು ಮುಖ ಉಜ್ಜಾಡುವಲ್ಲಿ ಅಚ್ಚಿನ ಗೆರೆಗಳು ಉಳಿದರೆ ಟ್ರಿಗರ್ ಗರಗರ ಎನ್ನುತ್ತದೆ. 600 ನಂಬರಿನ ಮರಳು ಕಾಗದವನ್ನು ಗಾಜಿನ ತುಂಡಿನ ಮೇಲೆ ಅಂಟಿಸಿ, ಸಿಯರ್ ಮುಖವನ್ನು ಅದರ ಮೇಲೆ ಚಪ್ಪಟೆಯಾಗಿ ಉಜ್ಜಿದೆ. ಆಮೇಲೆ 1000, ಆಮೇಲೆ 2000. ಉದ್ದೇಶ ಹೊಳಪು ಮಾತ್ರ. ಕೋನ ಬದಲಾಗಬಾರದು, ಅಂಚು ದುಂಡಾಗಬಾರದು. ಕೈಯಲ್ಲಿ ಹಿಡಿದು ಕಾಗದ ಸುತ್ತಿ ಉಜ್ಜಿದರೆ ಅಂಚು ದುಂಡಾಗಿಯೇ ಆಗುತ್ತದೆ, ಅದಕ್ಕೇ ಗಾಜು. ಮಾಲಿಬ್ಡಿನಂ ಗ್ರೀಸ್ ಒಂದು ಚುಕ್ಕೆ. 1.7 ಕೆ.ಜಿ.ಗೆ ಇಳಿಯಿತು, ಗರಗರ ಪೂರ್ತಿ ಹೋಯಿತು.

ಆಮೇಲೆ ಸ್ಪ್ರಿಂಗ್. ಈ ಪಿಸ್ತೂಲಿನವರೆಲ್ಲರಿಗೂ ಗೊತ್ತಿರುವ ಉಪಾಯ ಬಾಲ್ ಪೆನ್ನಿನ ಸ್ಪ್ರಿಂಗ್. ಆಫೀಸಿನ ಸ್ಟಾಲಿನಲ್ಲಿ ಹಂಚಿದ ಪೆನ್ನು ಒಂದನ್ನು ಬಲಿ ಕೊಟ್ಟೆ. ಮೊದಲ ಸಲ ತುಂಬಾ ಗಿಡ್ಡ ಕತ್ತರಿಸಿದೆ. ಟ್ರಿಗರ್ 600 ಗ್ರಾಂ ಆಯಿತು, ಬೆಣ್ಣೆಯ ಹಾಗಿತ್ತು. ಖುಷಿಯಾಗಿ ಬೋಲ್ಟ್ ಹಿಂದಕ್ಕೆಳೆದು ಮುಂದೆ ತಳ್ಳಿದರೆ ಟ್ರಿಗರ್ ಮುಟ್ಟದೆಯೇ ಸ್ಟ್ರೈಕರ್ ಬಿಟ್ಟುಕೊಂಡಿತು. ಒಳಗೆ ಗಾಳಿಯಾಗಲಿ ಪೆಲೆಟ್ ಆಗಲಿ ಇರಲಿಲ್ಲ, ಹಾಗಾಗಿ ಟಕ್ ಎಂಬ ಸದ್ದಷ್ಟೇ. ಗಾಳಿ ಮತ್ತು ಪೆಲೆಟ್ ಇದ್ದಿದ್ದರೆ? ಸಿಯರ್ ಪೂರ್ತಿ ಮೇಲೆ ಬಂದು ಕಚ್ಚಿಕೊಳ್ಳಲು ಸ್ಪ್ರಿಂಗ್‌ಗೆ ಬಲ ಸಾಲದೆ ಹೀಗಾಗುತ್ತದೆ. ಇನ್ನೊಂದು ಪೆನ್ನು ಬಲಿ. ಈ ಸಲ ಹಳೆಯ ಸ್ಪ್ರಿಂಗಿನ ಉದ್ದಕ್ಕಿಂತ ಒಂದು ಸುತ್ತು ಜಾಸ್ತಿಯೇ ಬಿಟ್ಟೆ. 950 ಗ್ರಾಂ.

ಇದಾದ ಮೇಲೆ ಈ ಪರೀಕ್ಷೆ ಬಿಡಬೇಡಿ. ಖಾಲಿ ಪಿಸ್ತೂಲನ್ನು ಎಳೆದು ಕಚ್ಚಿಸಿ, ಸೇಫ್ಟಿ ತೆಗೆದು, ರಬ್ಬರ್ ಸುತ್ತಿಗೆಯಿಂದ ಎಲ್ಲ ಕಡೆಯಿಂದಲೂ ತಟ್ಟಿ. ಆಮೇಲೆ ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು, ಬಿಟ್ಟು, ಸೇಫ್ಟಿ ತೆಗೆಯಿರಿ. ಒಂದೇ ಒಂದು ಸಲ ತಾನಾಗಿ ಬಿಟ್ಟರೂ ಹಳೆಯ ಸ್ಪ್ರಿಂಗ್ ವಾಪಸ್ಸು ಹಾಕಿ. 950ನ್ನು 700 ಮಾಡುವ ಆಸೆ ನನಗೂ ಇತ್ತು. ಮನೆಯಲ್ಲಿ ಮಕ್ಕಳಿದ್ದಾರೆ, ಅಲ್ಲಿಗೇ ಬಿಟ್ಟೆ.

ಮೇಜಿನ ಮೇಲಿನ ಗುಂಪು ಇದರಿಂದ ಒಂದು ಕೂದಲೂ ಬದಲಾಗಲಿಲ್ಲ. ಆದರೆ ನಿಂತು ಹೊಡೆದ ಅಂಕ 70ರ ಆಸುಪಾಸಿನಿಂದ 78ರ ಆಸುಪಾಸಿಗೆ ಏರಿತು. ಖರ್ಚು: ತಕ್ಕಡಿ ಮತ್ತು ಮರಳು ಕಾಗದ.

ಹಂತ 7: ಹಿಡಿ

ಇದರ ಹಿಡಿ ಎಡಗೈಯವರಿಗೂ ಬಲಗೈಯವರಿಗೂ ಒಂದೇ. ಅಂದರೆ ಇಬ್ಬರಿಗೂ ಸರಿಯಿಲ್ಲ. ಪ್ರತಿ ಸಲ ಹಿಡಿದಾಗಲೂ ಅಂಗೈ ಬೇರೆ ಬೇರೆ ಕಡೆ ಕೂರುತ್ತದೆ.

ಮೊದಲು ಎಪಾಕ್ಸಿ ಹಿಟ್ಟನ್ನು ಪ್ಲಾಸ್ಟಿಕ್ ಹಿಡಿಯ ಮೇಲೆಯೇ ಮೆತ್ತಿ, ಅಡಿಗೆಮನೆಯ ಕೈಗವಸು ಹಾಕಿ ಒತ್ತಿ ಹಿಡಿದೆ. ಅಚ್ಚು ಚೆನ್ನಾಗಿಯೇ ಬಂತು. ಕೆಲವೇ ದಿನದಲ್ಲಿ ಇಡೀ ಹೊದಿಕೆ ಕಿತ್ತು ಕೈಗೆ ಬಂತು. ನುಣುಪಾದ ಪ್ಲಾಸ್ಟಿಕ್‌ಗೆ ಅದು ಅಂಟುವುದಿಲ್ಲ, ಮೊದಲು ಒರಟು ಕಾಗದದಿಂದ ಗೀರಿ, ಸಣ್ಣ ತೂತುಗಳನ್ನೂ ಹೊಡೆಯಬೇಕು. ಆದರೆ ಕಿತ್ತು ಬಂದ ಅಚ್ಚು ದಂಡವಾಗಲಿಲ್ಲ. ಅದನ್ನೇ ಎದುರಿಗಿಟ್ಟುಕೊಂಡು ಮರದಲ್ಲಿ ಕೆತ್ತಿದೆ.

ಮರ ವಾಲ್‌ನಟ್, ಮರದಂಗಡಿಯ ತುಂಡುಗಳ ಬುಟ್ಟಿಯಿಂದ, 12 ಡಾಲರ್. ಊರಿನ ಬೀಟೆ ಸಿಕ್ಕಿದ್ದರೆ ಎಂದು ಆಸೆಪಟ್ಟದ್ದು ನಿಜ. ಹಳೆಯ ಹಿಡಿಯ ಪಕ್ಕಗಳನ್ನು ಮರದ ಮೇಲಿಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದು, ಬಲಪಕ್ಕ 30 ಮಿ.ಮೀ., ಎಡಪಕ್ಕ 20 ಮಿ.ಮೀ. ದಪ್ಪ ಇಟ್ಟು ಕತ್ತರಿಸಿದೆ. ಸ್ಕ್ರೂ ತೂತುಗಳನ್ನು ಕೆತ್ತುವ ಮೊದಲೇ ಕೊರೆಯಬೇಕು, ಆಕಾರ ಬಂದ ಮೇಲೆ ಮರ ನೆಟ್ಟಗೆ ನಿಲ್ಲುವುದಿಲ್ಲ. ಆಮೇಲೆ ಒರಟು ಅರ, ಸಣ್ಣ ಅರ, 80, 150, 240 ಕಾಗದ. ಕೆಳಗೆ ಅಂಗೈ ಕೂರಲು ಒಂದು ಮೆಟ್ಟಿಲು. ಅದು ಪಿಸ್ತೂಲು ಕೈಯಲ್ಲಿ ಜಾರದಂತೆ ನಿಲ್ಲಿಸುತ್ತದೆ.

ಎಲ್ಲಿ ತೆಗೆಯಬೇಕೆಂದು ತಿಳಿಯಲು ಸುಲಭ ದಾರಿ: ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ಹಿಡಿಯಿರಿ. ಬಿಳಿ ಅಂಟಿದ ಕಡೆ ಉಬ್ಬು, ಅಲ್ಲಿ ಉಜ್ಜಿ. ಎಲ್ಲ ಕಡೆ ಸಮವಾಗಿ ಬಿಳಿ ಬರುವವರೆಗೆ. ಕಣ್ಣು ಮುಚ್ಚಿ ಪಿಸ್ತೂಲು ಎತ್ತಿ, ಕಣ್ಣು ತೆರೆದಾಗ ಎರಡೂ ಸೈಟ್ ಒಂದೇ ಸಾಲಿನಲ್ಲಿ ಕಾಣಬೇಕು. ನನ್ನದು ಸ್ವಲ್ಪ ಎಡಕ್ಕೆ ಹೋಗುತ್ತಿತ್ತು, ಬಲ ಅಂಗೈ ಬುಡದ ಜಾಗದಲ್ಲಿ 2 ಮಿ.ಮೀ. ತೆಗೆದ ಮೇಲೆ ಸರಿಹೋಯಿತು. ಕೊನೆಗೆ ಅಗಸೆ ಎಣ್ಣೆ ಎರಡು ಕೋಟ್. ವಾರ್ನಿಶ್ ಬೇಡ, ಬೆವರಿದಾಗ ಜಾರುತ್ತದೆ.

ಅಂಕ ಈಗ 83, 84. ಒಂದು ಸಲ 88.

ದುಡ್ಡಿನ ಲೆಕ್ಕ

ಪಿಸ್ತೂಲು 35, ಸೀಲ್ 17, ಎಣ್ಣೆ ಗ್ರೀಸ್ 13, ಪೇಸ್ಟ್ 7, ಬ್ರೀಚ್ 45, ಸೈಟ್ 36, ಬ್ಯಾರಲ್ 38, ತಕ್ಕಡಿ 11, ಮರ 12, ಮರಳು ಕಾಗದ ಮತ್ತು ಎಪಾಕ್ಸಿ 14. ಒಟ್ಟು 228 ಡಾಲರ್. ಪೆಲೆಟ್ ಬೇರೆ.

ಬ್ರೀಚ್, ಸೈಟ್, ಬ್ಯಾರಲ್ ಮೂರೂ ಇಲ್ಲದಿದ್ದರೆ 109. ಅಂಕ ಏರಿಸಿದ್ದು ಆ 109ರಲ್ಲೇ ಇದೆ. ಹಾಗಾಗಿ ಅಗ್ಗದ ಪಿಸ್ತೂಲು ಕೊಳ್ಳಬಹುದೇ ಎಂದರೆ ಖಂಡಿತ ಕೊಳ್ಳಿ, ಮರಳು ಕಾಗದ ಮತ್ತು ಮರದ ತುಂಡಿನಲ್ಲಿ ಮುಗಿಯುವುದಾದರೆ. ಕಾರ್ಟಿನಲ್ಲಿ ಮೂರನೆಯ ಲೋಹದ ಭಾಗ ಹಾಕುವಾಗ ನಿಲ್ಲಿ. ನಾನು ಈ ಕೆಲಸದಲ್ಲಿದ್ದಾಗಲೇ ಹತ್ತಿರದ ಊರಿನಲ್ಲಿ ಒಬ್ಬರು ಹಳೆಯ ಆದರೆ ಸುಸ್ಥಿತಿಯ ಮ್ಯಾಚ್ (ಸ್ಪರ್ಧೆಯ) ಪಿಸ್ತೂಲೊಂದನ್ನು 400 ಡಾಲರ್‌ಗೆ ಮಾರುತ್ತಿದ್ದರು. ಒಂದೇ ಪಂಪ್, ಹೊಂದಿಸಬಹುದಾದ ಟ್ರಿಗರ್, ಮರದ ಹಿಡಿ. ನನ್ನ 228ಕ್ಕೆ ಇನ್ನು 172 ಸೇರಿಸಿದರೆ ಅದೇ ಬರುತ್ತಿತ್ತು. ಮರುಮಾರಾಟ ನೋಡಿದರೂ ಅಷ್ಟೇ: ಅದು ನಾಳೆಯೂ 400ರ ಹತ್ತಿರ ಹೋಗುತ್ತದೆ, ನನ್ನದಕ್ಕೆ ನನ್ನ ಅಂಗೈ ಅಳತೆಯ ಗಿರಾಕಿ ಸಿಗಬೇಕು. ಸುಮ್ನೆ ಹೊಡೆಯಬೇಕು, ಸ್ಪ್ಯಾನರ್ ಹಿಡಿಯುವ ಖಯಾಲಿ ಇಲ್ಲ ಎನ್ನುವವರು ಅದನ್ನೇ ಕೊಳ್ಳಿ.

ಪೆಲೆಟ್ ಸೀಸದ್ದು. ಹಿಡಿಯುವ ಪೆಟ್ಟಿಗೆಗೆ ವಿದ್ಯುತ್ ಪೈಪು ಮುಚ್ಚುವ ಮೆತ್ತನೆಯ ಅಂಟು ಮಣ್ಣು ತುಂಬಿದರೆ ಪೆಲೆಟ್ ಒಡೆದು ಪುಡಿಯಾಗುವುದಿಲ್ಲ, ಸಿಡಿದು ವಾಪಸ್ಸೂ ಬರುವುದಿಲ್ಲ. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ಕನ್ನಡಕ ಕಡ್ಡಾಯ.

ಹಂತ 8: ಇನ್ನೂ ಮುಗಿದಿಲ್ಲ

ಟ್ರಿಗರ್ ಬಿಟ್ಟ ಮೇಲೂ ಬೆರಳು ಹಿಂದಕ್ಕೆ ಸುಮಾರು 3 ಮಿ.ಮೀ. ಓಡುತ್ತದೆ. ಪೆಲೆಟ್ ಇನ್ನೂ ಬ್ಯಾರಲ್‌ನಲ್ಲಿರುವಾಗಲೇ ಈ ಓಟ ಮೂತಿಯನ್ನು ಎಳೆಯುತ್ತದೆ, ನನ್ನ ಎಂಟು ಅಂಕದ ತೂತುಗಳೆಲ್ಲ ಎಡ ಕೆಳಗೆ ಬೀಳುವುದು ಅದರಿಂದಲೇ ಎಂದು ನನ್ನ ಅನುಮಾನ. ಸದ್ಯಕ್ಕೆ ಟ್ರಿಗರ್ ಹಿಂದೆ ಗಾರ್ಡ್‌ಗೆ ರಬ್ಬರ್ ಚೂರು ಅಂಟಿಸಿದ್ದೇನೆ. ಅದು ಒತ್ತಿ ಒತ್ತಿ ತೆಳ್ಳಗಾಗುತ್ತಿದೆ. ಗಾರ್ಡ್‌ಗೆ 2.5 ಮಿ.ಮೀ. ತೂತು ಕೊರೆದು, ಎಂ3 ಟ್ಯಾಪ್ ಹಾಕಿ, ಮುಂದೆ ಹಿಂದೆ ತಿರುಗಿಸುವ ಸ್ಕ್ರೂ ಕೂರಿಸಬೇಕು. ಸ್ಕ್ರೂ ಅತಿಯಾಗಿ ಒಳಗೆ ಹೋದರೆ ಸಿಯರ್ ಪೂರ್ತಿ ಬಿಡದೆ ಸ್ಟ್ರೈಕರ್‌ಗೆ ಉಜ್ಜಿ ಹಾಳಾಗುತ್ತದೆ, ಹಾಗಾಗಿ ಬಿಡುವ ಬಿಂದು ಸಿಕ್ಕ ಮೇಲೆ ಕಾಲು ಸುತ್ತು ವಾಪಸ್ಸು ತಿರುಗಿಸಿ ಅಲ್ಲಿ ಅಂಟು ಹಾಕುವುದು ಲೆಕ್ಕ. ಟ್ಯಾಪ್ ಮತ್ತು ಸ್ಕ್ರೂ ಸೇರಿ 9 ಡಾಲರ್, ಆರ್ಡರ್ ಮಾಡಿದ್ದೇನೆ. ಈ ಗಾರ್ಡ್‌ಗೆ ಟ್ಯಾಪ್ ಹಾಕಿದ ಅನುಭವ ಇರುವವರು ಯಾವ ಎಣ್ಣೆ ಬಳಸಿದಿರಿ, ತೂತು ಎಷ್ಟು ಮೇಲೆ ಹೊಡೆದಿರಿ ಎಂದು ಹೇಳಿದರೆ ಕೊರೆಯುವ ಮೊದಲು ನೋಡಿಕೊಳ್ಳುತ್ತೇನೆ.